ಒಂದೇ ಪೊಟ್ಟಣದ ಬೀಜ, ಹೂವು ಮಾತ್ರ ಬೇರೆ ಬೇರೆ: ಯಾಕೆ ಹೀಗೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ತಾರಸಿಯ ಮೇಲೆ ಸಣ್ಣ ಕ್ಯಾಕ್ಟಸ್‌ಗಳನ್ನು ಬೆಳೆಸುತ್ತೇನೆ. 4 ವರ್ಷದ ಹಿಂದೆ ‘ಗಿಮ್ನೊಕ್ಯಾಲಿಸಿಯಂ ಬಾಲ್ಡಿಯಾನಂ’ ಎಂದು ಬರೆದಿದ್ದ ಬೀಜದ ಪೊಟ್ಟಣ ತರಿಸಿ ಬಿತ್ತಿದ್ದೆ. 18 ಸಸಿ ಉಳಿದಿವೆ. ಈ ಸಲ ಅದರಲ್ಲಿ 9 ಗಿಡ ಹೂ ಬಿಟ್ಟವು. 5 ಕಡುಗೆಂಪು, 3 ಗುಲಾಬಿ, ಒಂದು ಹೆಚ್ಚುಕಡಿಮೆ ಬಿಳಿ. ಕೆಂಪು ಗಿಡಗಳಲ್ಲಿ ಒಂದು ಹೋದ ವರ್ಷವೇ ಹೂ ಬಿಟ್ಟಿತ್ತು. ಆಗ ವೈನ್ ಬಣ್ಣ ಇತ್ತು, ಈ ವರ್ಷ ಮಂಕಾಗಿದೆ. ಬೀಜ ಕೊಟ್ಟವರು ಕಲಬೆರಕೆ ಮಾಡಿದರಾ? ಬಿಳಿ ಹೂವಿನ ಗಿಡಕ್ಕೆ ನಾನೇ ಹೊಸ ಹೆಸರು ಇಡಬಹುದಾ? ಅದರ ಬೀಜ ಬಿತ್ತಿದರೆ ಬಿಳಿ ಹೂವೇ ಬರುತ್ತಾ? ಫೋಟೊ ಜೊತೆಗಿಟ್ಟಿದ್ದೇನೆ.

ಉತ್ತರ: ಮೊದಲು ನಿಮ್ಮ ಅನುಮಾನದ ಬಗ್ಗೆ ಹೇಳಿಬಿಡುತ್ತೇನೆ. ಕೆಂಪು, ಗುಲಾಬಿ ಎರಡೂ ಬಾಲ್ಡಿಯಾನಂಗೆ ಸಹಜವಾದ ಬಣ್ಣಗಳೇ. ಅಷ್ಟಕ್ಕೇ ಬೀಜ ಕೊಟ್ಟವರನ್ನು ಅನುಮಾನಿಸಬೇಕಾಗಿಲ್ಲ. ಬಿಳಿ ಹೂವಿನ ಗಿಡದ ವಿಷಯ ಬೇರೆ. ನಿಮ್ಮ ಫೋಟೊ ನೋಡಿದಾಗ ಅದರ ಹೂವಿಗಿಂತ ಮುಳ್ಳಿನ ಮೇಲೇ ನನ್ನ ಕಣ್ಣು ಹೋಯಿತು. ಅದನ್ನು ಆಮೇಲೆ ನೋಡೋಣ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತಿವೆ. ಒಂದು ಗಿಡಕ್ಕೂ ಇನ್ನೊಂದು ಗಿಡಕ್ಕೂ ಇರುವ ವ್ಯತ್ಯಾಸ ಒಂದು. ಅದೇ ಗಿಡ ಹೋದ ವರ್ಷ ಒಂದು ಥರ, ಈ ವರ್ಷ ಒಂದು ಥರ ಹೂ ಬಿಡುವುದು ಇನ್ನೊಂದು. ಮೊದಲನೆಯದು ಹುಟ್ಟಿನಿಂದ ಬಂದದ್ದು, ಬೀಜದ ಮೂಲಕ ಮುಂದಕ್ಕೂ ಹೋಗುತ್ತದೆ. ಎರಡನೆಯದು ಬಿಸಿಲು, ನೀರು, ಚಳಿಯ ಕೆಲಸ, ಆ ಹೂವು ಬಾಡಿದಾಗ ಅದೂ ಮುಗಿಯಿತು. ಕ್ಯಾಕ್ಟಸ್ ಬೆಳೆಸುವವರ ನಡುವೆ ಹೂವಿನ ಬಗ್ಗೆ ನಡೆಯುವ ವಾದಗಳಲ್ಲಿ ಅರ್ಧಕ್ಕರ್ಧ ಈ ಎರಡನ್ನೂ ಒಂದೇ ಅಂದುಕೊಂಡದ್ದರಿಂದ ಹುಟ್ಟುತ್ತವೆ. ಎರಡನೆಯದನ್ನೇ ಮೊದಲು ನೋಡೋಣ. ಅದು ಬಗೆಹರಿಯದೆ ಮೊದಲನೆಯದನ್ನು ಅಳೆಯಲು ಆಗುವುದಿಲ್ಲ.

ಕ್ಯಾಕ್ಟಸ್ ಹೂವಿನ ಬಣ್ಣ ಎಲ್ಲಿಂದ ಬರುತ್ತದೆ? ದಾಸವಾಳ, ಗುಲಾಬಿ, ಶಂಖಪುಷ್ಪ ಇವುಗಳ ಕೆಂಪು, ನೀಲಿ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿಂದ. ಕ್ಯಾಕ್ಟಸ್ ಕುಟುಂಬದಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿರುವುದು ಬೀಟಾಲೇನ್ ಎಂಬ ಬೇರೆಯೇ ಗುಂಪು. ನಮ್ಮ ಮನೆ ಸುತ್ತ ಇದು ಧಾರಾಳವಾಗಿದೆ. ಬೀಟ್‌ರೂಟ್, ಕೆಂಪು ದಂಟು, ಬೋಗನ್‌ವಿಲ್ಲಾ, ಸಂಜೆಮಲ್ಲಿಗೆ, ಟೇಬಲ್ ರೋಸ್, ಇವೆಲ್ಲ ಕ್ಯಾಕ್ಟಸ್‌ನ ದೂರದ ನೆಂಟರು, ಎಲ್ಲದರ ಬಣ್ಣವೂ ಬೀಟಾಲೇನ್‌ನದೇ. ಒಂದೇ ಗಿಡದಲ್ಲಿ ಆಂಥೋಸಯನಿನ್ನೂ ಬೀಟಾಲೇನೂ ಒಟ್ಟಿಗೆ ಇರುವುದು ಪ್ರಕೃತಿಯಲ್ಲಿ ಎಲ್ಲೂ ಕಂಡಿಲ್ಲ. ಯಾವ ಗಿಡವಾದರೂ ಎರಡರಲ್ಲಿ ಒಂದು ದಾರಿ ಹಿಡಿದಿರುತ್ತದೆ.

ಬೀಟಾಲೇನ್‌ನಲ್ಲಿ ಎರಡು ಬಗೆ. ಕೆಂಪು-ನೇರಳೆ ಕೊಡುವ ಬೀಟಾಸಯನಿನ್ ಮತ್ತು ಹಳದಿ-ಕಿತ್ತಳೆ ಕೊಡುವ ಬೀಟಾಕ್ಸಾಂಥಿನ್. ಗಿಡ ಎರಡನ್ನೂ ಟೈರೋಸಿನ್ ಎಂಬ ಒಂದೇ ಅಮೈನೋ ಆಮ್ಲದಿಂದ ಶುರುಮಾಡುತ್ತದೆ. ಬೀಟಾಲಾಮಿಕ್ ಆಮ್ಲ ಎಂಬ ಹಂತದವರೆಗೆ ಎರಡಕ್ಕೂ ದಾರಿ ಒಂದೇ, ಆಮೇಲೆ ಕವಲೊಡೆಯುತ್ತದೆ. ಕೆಂಪಿನ ಕವಲು ಜೋರಾಗಿ ನಡೆದರೆ ಹೂವು ಕಡುಗೆಂಪು. ಎರಡೂ ನಡೆದರೆ ಕಿತ್ತಳೆ. ಕೆಂಪು ನಿಧಾನವಾದರೆ ಗುಲಾಬಿ. ಎಸಳಿನಲ್ಲಿ ಯಾವುದೂ ನಡೆಯದಿದ್ದರೆ ಬಿಳಿ. ಕೆಂಪಿನಿಂದ ಗುಲಾಬಿಗೆ ಹೋಗಲು ಹೊಸದೇನೂ ಬೇಕಾಗಿಲ್ಲ, ಇರುವುದೇ ಸ್ವಲ್ಪ ಕಮ್ಮಿಯಾದರೆ ಸಾಕು. ಗುಲಾಬಿ ಇಷ್ಟು ಸಲೀಸಾಗಿ ಬರುವುದು ಇದಕ್ಕೇ.

ಇದೇ ಕಾರಣಕ್ಕೆ ನಿಜವಾದ ನೀಲಿ ಕ್ಯಾಕ್ಟಸ್ ಹೂವು ಇಲ್ಲ. ನೀಲಿ ಕೊಡುವ ಸಾಮಾನು ಈ ಕುಟುಂಬದ ಬಳಿ ಇಲ್ಲವಲ್ಲ. ಕಡುನೀಲಿ ಹೂವಿನ ಫೋಟೊ ತೋರಿಸಿ ಬೀಜ ಮಾರುವವರು ಬೇಕಾದಷ್ಟು ಜನ ಸಿಗುತ್ತಾರೆ. ದಯವಿಟ್ಟು ದುಡ್ಡು ಕಳೆದುಕೊಳ್ಳಬೇಡಿ. ಅಂಗಡಿಯಲ್ಲಿ ಪುಟ್ಟ ಕುಂಡದ ಕ್ಯಾಕ್ಟಸ್ ನೆತ್ತಿಯ ಮೇಲೆ ಒಣಗಿದ ಹಾಗಿರುವ ಹಳದಿ, ಗುಲಾಬಿ ಹೂವು ವಾರಗಟ್ಟಲೆ ಬಾಡದೆ ಇದ್ದರೆ ಅದನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬಿಸಿ ಅಂಟಿನಿಂದ ಅಂಟಿಸಿದ ಒಣಹೂವು ಅದು. ಕೀಳಲು ಹೋದರೆ ಗಿಡದ ಚರ್ಮವೂ ಕಿತ್ತು ಬರುತ್ತದೆ. ಪಾಪ, ಗಿಡಕ್ಕೆ ಅದರಿಂದ ನೋವಲ್ಲದೆ ಬೇರೇನೂ ಇಲ್ಲ.

ಈಗ ಮಂಕಾದ ಕೆಂಪಿನ ವಿಷಯ. ಬೀಟಾಲೇನ್ ಶಾಖಕ್ಕೂ ಜೋರು ಬೆಳಕಿಗೂ ಬೇಗ ಒಡೆಯುವ ವಸ್ತು. ಬೀಟ್‌ರೂಟನ್ನು ತುಂಬ ಹೊತ್ತು ಬೇಯಿಸಿದರೆ ಬಣ್ಣ ಕೆಡುತ್ತದಲ್ಲ, ಕಾರಣ ಇದೇ. ಫೆಬ್ರವರಿಯ ತಂಪಿನಲ್ಲಿ ಬೆಳೆದ ಮೊಗ್ಗಿನ ಹೂವೂ ಏಪ್ರಿಲ್ ಕೊನೆಯ ಉರಿಯಲ್ಲಿ ಬೆಳೆದ ಮೊಗ್ಗಿನ ಹೂವೂ ಒಂದೇ ಗಿಡದ್ದಾದರೂ ಒಂದೇ ಥರ ಕಾಣುವುದಿಲ್ಲ. ಮೊದಲನೆಯದು ಗಾಢ, ಎರಡನೆಯದು ತೆಳು. ತಾರಸಿಯ ಸಿಮೆಂಟ್ ನೆಲ ಮಧ್ಯಾಹ್ನ ಕಾದು ರಾತ್ರಿಯೂ ಬಿಸಿ ಬಿಡುತ್ತಿರುತ್ತದೆ, ಅಲ್ಲಿ ಇದು ಇನ್ನೂ ಜಾಸ್ತಿ. ಹೋದ ವರ್ಷದ ಹೂವು ಯಾವ ತಿಂಗಳಲ್ಲಿ ಬಂದಿತ್ತು, ಈ ವರ್ಷದ್ದು ಯಾವಾಗ ಬಂತು ಅಂತ ನೆನಪು ಮಾಡಿಕೊಳ್ಳಿ. ಹೆಚ್ಚಾಗಿ ಉತ್ತರ ಅಲ್ಲೇ ಸಿಗುತ್ತದೆ.

ಹೂವಿನ ವಯಸ್ಸೂ ಮುಖ್ಯ. ಗಿಮ್ನೊಕ್ಯಾಲಿಸಿಯಂ ಹೂವು ಹಗಲು ಅರಳಿ ರಾತ್ರಿ ಮುಚ್ಚುತ್ತಾ ಕೆಲವು ದಿನ ಬಾಳುತ್ತದೆ. ಮೊದಲ ದಿನದ ಬಣ್ಣ ಕೊನೆಯ ದಿನ ಇರುವುದಿಲ್ಲ, ಅಳತೆಯೂ ಬದಲಾಗುತ್ತದೆ. ಹೊಲದ ಬೇಲಿಯ ಪಾಪಾಸುಕಳ್ಳಿ ನೋಡಿದ್ದೀರಲ್ವಾ? ಬೆಳಗ್ಗೆ ಹಳದಿಯಾಗಿ ಅರಳಿದ ಹೂವು ಬಾಡುವ ಹೊತ್ತಿಗೆ ಕಿತ್ತಳೆ-ಕೆಂಪಿಗೆ ತಿರುಗಿರುತ್ತದೆ. ಅದೂ ಕ್ಯಾಕ್ಟಸ್ಸೇ. ಮೋಡ ಕವಿದ ದಿನ ಹೂವು ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ, ಆಗ ಎಸಳು ಕಿರಿದಾಗಿ, ಚೂಪಾಗಿ ಕಾಣುತ್ತದೆ. ಒಂದು ಗಿಡದ ಎಸಳು ಅಗಲ, ಇನ್ನೊಂದರದು ಕಿರಿದು ಅಂತ ತೀರ್ಮಾನಿಸುವ ಮೊದಲು ಎರಡನ್ನೂ ಒಂದೇ ದಿನ, ಒಂದೇ ಹೊತ್ತಿನಲ್ಲಿ ನೋಡಬೇಕು.

ಮೊದಲ ಸಲ ಬಿಟ್ಟ ಹೂವನ್ನಂತೂ ನಂಬಲೇಬೇಡಿ. ಸಸಿ ಮೊದಲ ವರ್ಷ ಬಿಡುವ ಹೂವು ಎಷ್ಟೋ ಸಲ ಚಿಕ್ಕದು, ಎಸಳು ಕಮ್ಮಿ, ಬಣ್ಣ ಅರೆಬರೆ. ಕನಿಷ್ಠ ಎರಡು-ಮೂರು ಋತು ನೋಡಿದ ಮೇಲೆ ಗಿಡದ ನಿಜವಾದ ಹೂವು ಇದು ಅನ್ನಬಹುದು. ಹೂವು ಇದ್ದಕ್ಕಿದ್ದಂತೆ ಸಣ್ಣದಾದರೆ, ಬಣ್ಣ ಸೊರಗಿದರೆ, ಗಿಡವನ್ನು ಕುಂಡದಿಂದ ತೆಗೆದು ಬೇರು ನೋಡಿ. ಬಿಳಿ ಪುಡಿ ಮೆತ್ತಿದ ಹಾಗೆ ಕಂಡರೆ ಅದು ಬೇರಿನ ಹಿಟ್ಟುತಿಗಣೆ. ನಮ್ಮ ಕಡೆ ಕ್ಯಾಕ್ಟಸ್‌ಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಬೇರು ತೊಳೆದು, ಮಣ್ಣು ಪೂರ್ತಿ ಬದಲಾಯಿಸಿ, ಒಂದು ವಾರ ಒಣಗಲು ಬಿಟ್ಟು ಮತ್ತೆ ನೆಡಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ಹಾಕಿದರೂ ಕಷ್ಟ. ಗಿಡ ಊದಿಕೊಳ್ಳುತ್ತದೆ, ಹೂವು ಕಮ್ಮಿಯಾಗುತ್ತದೆ.

ಫೋಟೊ ಬಗ್ಗೆಯೂ ಒಂದು ಮಾತು. ನಿಮ್ಮ ಚಿತ್ರಗಳನ್ನು ಹಸಿರು ನೆರಳುಬಲೆಯ ಕೆಳಗೆ ತೆಗೆದಿದ್ದೀರಿ. ಹಸಿರು ಬೆಳಕನ್ನು ಸರಿಮಾಡಲು ಹೋಗಿ ಮೊಬೈಲ್ ಎಲ್ಲ ಬಣ್ಣವನ್ನೂ ಒಂದಿಷ್ಟು ಅತ್ತ ಇತ್ತ ಎಳೆಯುತ್ತದೆ. ಮೊದಲೇ ಬೀಟಾಸಯನಿನ್‌ನ ನೇರಳೆ ಛಾಯೆಯ ಕೆಂಪು ಫೋನ್ ಕ್ಯಾಮೆರಾಗಳಿಗೆ ಕಷ್ಟ. ಒಂದರಲ್ಲಿ ಗುಲಾಬಿಯಾಗುತ್ತದೆ, ಇನ್ನೊಂದರಲ್ಲಿ ಎಸಳಿನ ಗೆರೆಗಳೆಲ್ಲ ಅಳಿಸಿಹೋಗಿ ಬರೀ ಕೆಂಪು ಮುದ್ದೆಯಾಗುತ್ತದೆ. ಕುಂಡವನ್ನು ಬಲೆಯಿಂದ ಹೊರಗೆ, ನೇರ ಬಿಸಿಲು ಬೀಳದ ಜಾಗಕ್ಕೆ ತಂದು, ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ತೆಗೆಯಿರಿ. ಚಿತ್ರದಲ್ಲಿ ಕಾಗದ ಬಿಳಿಯಾಗಿ ಕಂಡರೆ ಹೂವಿನ ಬಣ್ಣವನ್ನೂ ನಂಬಬಹುದು. ಸ್ಕೇಲ್ ಒಂದನ್ನೂ ಇಟ್ಟರೆ ಅಳತೆಯೂ ಸಿಗುತ್ತದೆ.

ಇಷ್ಟನ್ನೂ ಕಳೆದ ಮೇಲೆ ಉಳಿಯುವ ವ್ಯತ್ಯಾಸವೇ ಹುಟ್ಟಿನದು. ನನಗೆ ತುಂಬ ಪ್ರೀತಿಯ ವಿಷಯ ಇದು.

ಗಿಮ್ನೊಕ್ಯಾಲಿಸಿಯಂ, ಲೊಬಿವಿಯಾ, ಎಕಿನಾಪ್ಸಿಸ್, ಸಲ್ಕೊರೆಬುಟಿಯಾ ಇಂಥ ಸಣ್ಣ ಕ್ಯಾಕ್ಟಸ್‌ಗಳಲ್ಲಿ ಬಹುಪಾಲು ತಮ್ಮ ಪರಾಗದಿಂದ ತಾವೇ ಬೀಜ ಕಟ್ಟುವುದಿಲ್ಲ. ತನ್ನದೇ ಪರಾಗವನ್ನು ಹೂವು ಗುರುತಿಸಿ ತಡೆಯುತ್ತದೆ. ಬೀಜ ಬೇಕಾದರೆ ಇನ್ನೊಂದು ಗಿಡ ಬೇಕೇ ಬೇಕು. ಅದೂ ಅದೇ ಗಿಡದ ಮೈಯಲ್ಲಿ ಒಡೆದ ಮರಿಯನ್ನು ಕಿತ್ತು ಬೆಳೆಸಿದ್ದಾದರೆ ಆಗದು, ಬೇರೆ ಬೀಜದಿಂದ ಹುಟ್ಟಿದ ಗಿಡವೇ ಆಗಬೇಕು. ಅಂದರೆ ನಿಮ್ಮ ಪೊಟ್ಟಣದ ಒಂದೊಂದು ಬೀಜಕ್ಕೂ ಅಪ್ಪ ಬೇರೆ, ಅಮ್ಮ ಬೇರೆ. ಒಂದೇ ಕಾಯಿಯ ಬೀಜಗಳಿಗೂ ಅಪ್ಪ ಒಬ್ಬನೇ ಅಂತ ಹೇಳಲಾಗದು, ಜೇನ್ನೊಣ ನಾಲ್ಕು ಹೂವು ಸುತ್ತಿ ಬಂದಿರುತ್ತದೆ. 18 ಸಸಿಗಳು 18 ಥರ ಇರುವುದು ಇಲ್ಲಿ ಸಹಜ. ಎಲ್ಲವೂ ಅಚ್ಚು ಹೊಯ್ದ ಹಾಗೆ ಇದ್ದಿದ್ದರೆ ನಾನೇ ಅನುಮಾನ ಪಡುತ್ತಿದ್ದೆ. ಇದಕ್ಕೆ ತದ್ವಿರುದ್ಧವಾದ ಗಿಡಗಳೂ ಇವೆ. ರೆಬುಟಿಯಾ ಮಿನುಸ್ಕುಲಾ ತಾನೇ ಬೀಜ ಕಟ್ಟಿಕೊಳ್ಳುತ್ತದೆ. ಫ್ರೈಲಿಯಾಗಳು ಮೊಗ್ಗು ಬಿಚ್ಚದೆಯೇ ಒಳಗೊಳಗೇ ಕಾಯಾಗಿಬಿಡುತ್ತವೆ. ಅಂಥವುಗಳ ಬೀಜದಿಂದ ಬಂದ ಸಸಿಗಳು ತಾಯಿಯನ್ನೇ ಹೋಲುತ್ತವೆ.

ಕಾಡಿನಲ್ಲಿ ಈ ಗಿಡಗಳು ಹೇಗಿರುತ್ತವೆ ಅನ್ನುವುದನ್ನು ನಾವು ಕುಂಡದಲ್ಲಿ ಬೆಳೆಸುವವರು ಮರೆಯುತ್ತೇವೆ. ಬಾಲ್ಡಿಯಾನಂ ಅರ್ಜೆಂಟೀನಾದ ವಾಯವ್ಯದ ಕಟಮಾರ್ಕಾ ಕಡೆಯ ಗುಡ್ಡಗಳದ್ದು. ಹುಲ್ಲು, ಕುರುಚಲು ಗಿಡಗಳ ನಡುವೆ, ಕಲ್ಲಿನ ಸಂದಿಯಲ್ಲಿ, ಅರೆನೆರಳಲ್ಲಿ ಬೆಳೆಯುತ್ತದೆ. ಇಟಲಿಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ನೆಲೆಸಿದ ಸಸ್ಯವಿಜ್ಞಾನಿ ಕಾರ್ಲೋಸ್ ಸ್ಪೆಗಜ್ಜಿನಿ 1905ರಲ್ಲಿ ಇದನ್ನು ವಿವರಿಸಿದರು. ಯಾರೇ ವಿವರಿಸಲಿ, ಕೈಗೆ ಸಿಕ್ಕ ಕೆಲವೇ ಗಿಡ ನೋಡಿ ಬರೆಯುತ್ತಾರೆ. ಗುಡ್ಡದ ಮೇಲೆ ಸಾವಿರಾರು ಗಿಡ ಇರುತ್ತವೆ. ಅದರಲ್ಲಿ ಕಡುಗೆಂಪು ಇರುತ್ತದೆ, ಗುಲಾಬಿ ಇರುತ್ತದೆ, ನಡುವಿನ ಛಾಯೆಗಳೂ ಇರುತ್ತವೆ. ಹೆಸರು ಈ ಇಡೀ ಗುಂಪಿನದು, ಪೊಟ್ಟಣದ ಮೇಲಿನ ಫೋಟೊ ಮಾತ್ರ ಒಂದು ಗಿಡದ್ದು.

ಆಂಡಿಸ್ ಬೆಟ್ಟಗಳ ಲೊಬಿವಿಯಾಗಳಲ್ಲಿ ಇದು ಇನ್ನೂ ಜೋರು. ಬೊಲಿವಿಯಾ, ಪೆರುವಿನ ಎತ್ತರದ ಬಯಲುಗಳಲ್ಲಿ ಬೆಳೆಯುವ ಲೊಬಿವಿಯಾ ಪೆಂಟ್‌ಲ್ಯಾಂಡೈ ಅನ್ನುವ ಗಿಡದಲ್ಲಿ ಕಿತ್ತಳೆ, ಕೆಂಪು, ಗುಲಾಬಿ, ನೇರಳೆ, ಹಳದಿ ಎಲ್ಲವೂ ಉಂಟು. ಹಿಂದೆ ಸಂಗ್ರಾಹಕರು ಅಲ್ಲಿಂದ ಗಿಡ ತಂದಾಗ ಒಂದೊಂದು ಬಣ್ಣಕ್ಕೂ, ಒಂದೊಂದು ಬಗೆಯ ಮುಳ್ಳಿಗೂ ಬೇರೆ ಬೇರೆ ಹೆಸರು ಬಿತ್ತು. ಜರ್ಮನಿಯ ಕರ್ಟ್ ಬಾಕೆಬರ್ಗ್ ಇದರಲ್ಲಿ ಎಲ್ಲರಿಗಿಂತ ಮುಂದಿದ್ದರು. ಅವರು ಕೊಟ್ಟ ಹೆಸರುಗಳಲ್ಲಿ ಬಹಳಷ್ಟು ಆಮೇಲೆ ಒಂದೇ ಪ್ರಭೇದದೊಳಗೆ ಸೇರಿಹೋದವು. ಹೂವಿನ ಬಣ್ಣ ಒಂದನ್ನೇ ನಂಬಿ ಹೆಸರಿಟ್ಟರೆ ಹೆಸರು ನಿಲ್ಲುವುದಿಲ್ಲ ಎಂಬುದಕ್ಕೆ ಈ ಕುಟುಂಬದ ಚರಿತ್ರೆಯಲ್ಲಿ ಉದಾಹರಣೆಗಳು ಸಾಲುಗಟ್ಟಿವೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಎನಿಸುವುದು ಎಕಿನಾಪ್ಸಿಸ್ ಆನ್ಸಿಸ್ಟ್ರೋಫೋರಾ. ಅಂಗೈಯಲ್ಲಿ ಹಿಡಿಸುವ ಚಪ್ಪಟೆ ಗಿಡ ಅದು, ಅರ್ಜೆಂಟೀನಾದ ವಾಯವ್ಯ ಭಾಗದ್ದು, ಹವ್ಯಾಸಿಗಳ ಮೆಚ್ಚಿನದು. ಅದರ ಬೇರೆ ಬೇರೆ ನೆಲೆಗಳಲ್ಲಿ ಸಂಶೋಧಕರು ಹೂವಿನ ಉದ್ದ ಅಳೆದರು. ಒಂದು ಕಡೆ ಸುಮಾರು 5 ಸೆಂ.ಮೀ., ಇನ್ನೊಂದು ಕಡೆ ಸುಮಾರು 24 ಸೆಂ.ಮೀ. ಒಂದೇ ಪ್ರಭೇದ! ಬಣ್ಣದಲ್ಲೂ ಬಿಳಿ, ಗುಲಾಬಿ, ಕೆಂಪು, ಹಳದಿ. ಕೆಲವು ಸಂಜೆ ಅರಳುತ್ತವೆ, ಕೆಲವು ಬೆಳಗ್ಗೆ. ಉದ್ದ ಕೊಳವೆಯ ಬಿಳಿ ಹೂವಿಗೆ ರಾತ್ರಿ ಹಾರುವ ಹಾಕ್ ಪತಂಗಗಳು ಬರುತ್ತವೆ, ಗಿಡ್ಡ ಕೊಳವೆಯ ಬಣ್ಣದ ಹೂವಿಗೆ ಹಗಲಿನ ಜೇನ್ನೊಣಗಳು. ಯಾವ ಬೆಟ್ಟದಲ್ಲಿ ಯಾವ ಅತಿಥಿ ನಂಬಿಕಸ್ಥನೋ ಹೂವು ಅತ್ತ ಬಾಗುತ್ತಾ ಬಂದಿದೆ. 2012ರಲ್ಲಿ ಎಕಿನಾಪ್ಸಿಸ್ ಗುಂಪಿನ ಡಿಎನ್‌ಎ ಅಧ್ಯಯನ ಪ್ರಕಟವಾದಾಗ ಇದೇ ಮಾತು ದೊಡ್ಡ ಮಟ್ಟದಲ್ಲಿ ಕಂಡಿತು. ಪರಾಗಸ್ಪರ್ಶದ ರೀತಿ ಈ ಗುಂಪಿನಲ್ಲಿ ಮತ್ತೆ ಮತ್ತೆ ಬದಲಾಗಿದೆ, ಒಂದೇ ಥರದ ಹೂವಿದ್ದ ಮಾತ್ರಕ್ಕೆ ಗಿಡಗಳು ಹತ್ತಿರದ ನೆಂಟರು ಅನ್ನಲಾಗದು.

ಹೂವಿನ ಅಳತೆಗೆ ಇನ್ನೂ ಒಂದು ಕಾರಣ ಉಂಟು. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಕಡೆಯ ಮ್ಯಾಮಿಲೇರಿಯಾ ಡಯೋಯಿಕಾದಲ್ಲಿ ಕೆಲವು ಗಿಡಗಳು ಹೆಣ್ಣು ಹೂವನ್ನಷ್ಟೇ ಬಿಡುತ್ತವೆ, ಆ ಹೂವು ಉಳಿದವಕ್ಕಿಂತ ಚಿಕ್ಕದು. ನಿಮ್ಮ ಗಿಡಗಳಿಗೆ ಇದು ಸಂಬಂಧಿಸಿದ್ದಲ್ಲ. ಆದರೆ ಮ್ಯಾಮಿಲೇರಿಯಾ ಬೆಳೆಸುವವರು ಸಣ್ಣ ಹೂವು ಕಂಡ ತಕ್ಷಣ ಗೊಬ್ಬರ ಹಾಕಲು ಓಡದಿರಲಿ ಅಂತ ಹೇಳಿದೆ.

ಈಗ ನಿಮ್ಮ ಬಿಳಿ ಹೂವಿನ ಗಿಡಕ್ಕೆ ಬರೋಣ. ಬಾಲ್ಡಿಯಾನಂನ ಮೈ ಚಪ್ಪಟೆ ಗುಂಡಗೆ, ಬೂದು-ಹಸಿರು ಅಥವಾ ಕಂದು ಛಾಯೆ. ಏಣುಗಳು ಸಾಮಾನ್ಯವಾಗಿ 9ರಿಂದ 11. ಮುಳ್ಳು ಹುಟ್ಟುವ ಒಂದೊಂದು ಕಣ್ಣಿನಲ್ಲಿ 5ರಿಂದ 7 ಮುಳ್ಳು, ಎಲ್ಲವೂ ಸುತ್ತಲೂ ಹರಡಿ ಮೈಗೆ ಒತ್ತಿಕೊಂಡಿರುತ್ತವೆ, ನಡುವೆ ನೆಟ್ಟಗೆ ನಿಲ್ಲುವ ಮುಳ್ಳು ಇರುವುದಿಲ್ಲ. ನಿಮ್ಮ ಕೆಂಪು, ಗುಲಾಬಿ ಗಿಡಗಳೆಲ್ಲ ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಬಿಳಿ ಹೂವಿನದರಲ್ಲಿ ಹಾಗಿಲ್ಲ. ಮೈ ಹೆಚ್ಚು ಹಸಿರು, ಮುಳ್ಳು ಉದ್ದ, ಎಲ್ಲ ಹೊರಕ್ಕೆ ಬಾಗಿವೆ. ಎರಡು ಕಣ್ಣಿನಲ್ಲಿ ನಡುಮುಳ್ಳೂ ಇದ್ದ ಹಾಗೆ ಕಾಣುತ್ತದೆ.

ಗಿಮ್ನೊಕ್ಯಾಲಿಸಿಯಂ ಕುಲದಲ್ಲಿ ಬಿಳಿ ಅಥವಾ ತೆಳುಗುಲಾಬಿ ಹೂವೇ ಸಾಮಾನ್ಯ. ಬಾಲ್ಡಿಯಾನಂನ ಕೆಂಪೇ ಅಪರೂಪದ್ದು. ಆಂಡ್ರಿಯೆ ಎಂಬ ಪ್ರಭೇದದಂಥ ಕೆಲವದರಲ್ಲಿ ಹಳದಿ. ಹಾಗಾಗಿ ಬೀಜ ತೆಗೆದವರ ತೋಟದಲ್ಲಿ ಪಕ್ಕದಲ್ಲೇ ಬಿಳಿ ಹೂವಿನ ಇನ್ನೊಂದು ಪ್ರಭೇದ ಅರಳಿದ್ದು, ಜೇನ್ನೊಣ ಅಲ್ಲಿಂದ ಇಲ್ಲಿಗೆ ಬಂದಿದ್ದರೆ ಇಂಥದ್ದೇ ಸಸಿ ಹುಟ್ಟುತ್ತದೆ. ಈ ಕುಲದ ಹತ್ತಿರದ ಪ್ರಭೇದಗಳು ಒಂದರೊಡನೊಂದು ಸುಲಭವಾಗಿ ಬೆರೆಯುತ್ತವೆ. ಯಾರೋ ಬೇಕೆಂದೇ ಮಾಡಿದ್ದು ಅಂತಲ್ಲ. ಬಯಲಲ್ಲಿ ಹತ್ತಾರು ಪ್ರಭೇದ ಒಟ್ಟಿಗೆ ಇಟ್ಟ ಕಡೆ ಇದು ತಾನೇ ಆಗುತ್ತದೆ. ಅಥವಾ ಪೊಟ್ಟಣ ಕಟ್ಟುವಾಗ ಬೇರೆಯದರ ಬೀಜ ಒಂದೆರಡು ಸೇರಿರಬಹುದು. ಬರೀ ಹೂವು ಬಿಳಿಯಾಗಿದ್ದು ಮೈ, ಮುಳ್ಳು ಎಲ್ಲ ಬಾಲ್ಡಿಯಾನಂನದೇ ಆಗಿದ್ದರೆ ಅದು ಅದರ ಬಿಳಿ ರೂಪ ಅನ್ನುತ್ತಿದ್ದೆ. ಇಲ್ಲಿ ಹೂವೂ ಬೇರೆ, ಮೈಯೂ ಬೇರೆ. ಒಂದು ಲಕ್ಷಣ ಬದಲಾದರೆ ಅದೇ ಗಿಡದ ವೈವಿಧ್ಯ ಇರಬಹುದು, ನಾಲ್ಕಾರು ಲಕ್ಷಣ ಒಟ್ಟಿಗೆ ಬದಲಾದರೆ ಮಿಶ್ರತಳಿಯನ್ನು ಅನುಮಾನಿಸಬೇಕು. ಯಾವ ಕುಲದ ಕ್ಯಾಕ್ಟಸ್ ಆದರೂ ನಾನು ಅನುಸರಿಸುವ ಕ್ರಮ ಇದೇ.

ಇದನ್ನು ಇನ್ನಷ್ಟು ಗಟ್ಟಿಮಾಡಿಕೊಳ್ಳಲು ಬೀಜ ನೋಡಬೇಕು. ಗಿಮ್ನೊಕ್ಯಾಲಿಸಿಯಂನ ಉಪಗುಂಪುಗಳನ್ನು ಬೀಜದ ಗಾತ್ರ, ಬಣ್ಣ, ಮೇಲ್ಮೈ ನೋಡಿಯೇ ವಿಂಗಡಿಸುತ್ತಾ ಬಂದಿದ್ದಾರೆ. ಬಾಲ್ಡಿಯಾನಂ ಗುಂಪಿನ ಬೀಜ ಕಪ್ಪು, ಹೊಳಪಿಲ್ಲದ್ದು. ಬೇರೆ ಕೆಲವು ಗುಂಪುಗಳಲ್ಲಿ ಸಣ್ಣ ಕಂದು ಬೀಜ ಇದೆ, ಮೇಲ್ಮೈ ಹೊಳೆಯುತ್ತದೆ. ಬೀಜದ ಸಿಪ್ಪೆ ಪೂರ್ತಿ ತಾಯಿ ಗಿಡದ್ದು, ಪರಾಗ ಎಲ್ಲಿಂದಲೇ ಬಂದಿರಲಿ ಸಿಪ್ಪೆ ಬದಲಾಗುವುದಿಲ್ಲ. ಆದ್ದರಿಂದ ಬಿಳಿ ಗಿಡದ ಮೇಲೆ ಬಲಿತ ಬೀಜ ಆ ಗಿಡದ ಬಗ್ಗೆಯೇ ಹೇಳುತ್ತದೆ.

ಬೀಜ ಮಾಡುವುದು ಕಷ್ಟವೇನಲ್ಲ. ಮೊಗ್ಗು ಬಿಚ್ಚುವ ಮೊದಲೇ ಗಿಡದ ಮೇಲೆ ತೆಳು ಸೊಳ್ಳೆಪರದೆ ಬಟ್ಟೆ ಮುಚ್ಚಿ. ಇಲ್ಲದಿದ್ದರೆ ತುಡುವೆ ಜೇನೋ ಮುಜಂಟಿ ಜೇನೋ ನಿಮಗಿಂತ ಮುಂಚೆ ಬಂದು ಹೋಗಿರುತ್ತದೆ. ಹೂವು ಅರಳಿದ ಎರಡನೇ ದಿನ, ನಡುವಿನ ಶಲಾಕೆಯ (ಹೆಣ್ಣು ಭಾಗದ ಕಡ್ಡಿಯ) ತುದಿ ನಕ್ಷತ್ರದಂತೆ ಬಿಚ್ಚಿಕೊಂಡಾಗ, ಮಧ್ಯಾಹ್ನದ ಒಣ ಹೊತ್ತಿನಲ್ಲಿ ಇನ್ನೊಂದು ಗಿಡದ ಪರಾಗವನ್ನು ಮೆತ್ತನೆಯ ಕುಂಚದಿಂದ ಸವರಿ. ಪ್ರತಿ ಜೋಡಿಗೂ ಬೇರೆ ಕುಂಚ ಇರಲಿ. ಯಾವ ಗಿಡ ತಾಯಿ, ಯಾವುದು ತಂದೆ, ತಾರೀಖು ಏನು, ಇಷ್ಟನ್ನು ಆಗಲೇ ಬರೆದು ಕುಂಡಕ್ಕೆ ಸಿಕ್ಕಿಸಿ. ಆಮೇಲೆ ಬರೆಯೋಣ ಅಂದರೆ ಖಂಡಿತ ಮರೆತುಹೋಗುತ್ತದೆ. ಕಾಯಿ ಬಲಿಯಲು ತಿಂಗಳುಗಳೇ ಬೇಕು. ಬಲಿತಾಗ ಉದ್ದುದ್ದಕ್ಕೆ ಸೀಳುತ್ತದೆ. ಸೀಳಿದ ದಿನವೇ ಬೀಜ ತೆಗೆದಿಡಿ, ಈ ಬೀಜಗಳು ಇರುವೆಗಳಿಗೆ ಪ್ರಿಯ, ರಾತ್ರೋರಾತ್ರಿ ಹೊತ್ತೊಯ್ಯುತ್ತವೆ.

ಈ ಬೀಜ ಬಿತ್ತಿದರೆ ಬಿಳಿಯೇ ಬರುತ್ತಾ ಅಂತ ಕೇಳಿದ್ದಿರಿ. ಅದನ್ನು ಕೆಂಪು ಗಿಡದ ಜೊತೆ ಸೇರಿಸಿದರೆ ಬರುವ ಸಾಧ್ಯತೆ ಕಮ್ಮಿ. ಸಂಜೆಮಲ್ಲಿಗೆಯಲ್ಲಿ ಕೆಂಪು, ಬಿಳಿ ಗಿಡಗಳನ್ನು ಸೇರಿಸಿದರೆ ಮೊದಲ ಪೀಳಿಗೆ ಗುಲಾಬಿ. ಆ ಗುಲಾಬಿಗಳ ಮುಂದಿನ ಪೀಳಿಗೆಯಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ನೂರು ವರ್ಷಕ್ಕೂ ಹಿಂದೆ ಇದನ್ನು ತೋರಿಸಿದರು, ಇವತ್ತಿಗೂ ಪಾಠ ಹೇಳುವವರು ಅದೇ ಉದಾಹರಣೆ ಕೊಡುತ್ತಾರೆ. ಸಂಜೆಮಲ್ಲಿಗೆ, ಕ್ಯಾಕ್ಟಸ್ ಎರಡರಲ್ಲೂ ಬಣ್ಣದ ಸಾಮಾನು ಒಂದೇ ಆದ್ದರಿಂದ ಅಂದಾಜಿಗೆ ಅದು ಒಳ್ಳೆಯ ದಾರಿ. ಕ್ಯಾಕ್ಟಸ್‌ನಲ್ಲಿ ಲೆಕ್ಕ ಅಷ್ಟು ಸರಾಗವಾಗಿ ಕೂಡಿಬರುವುದಿಲ್ಲ, ಬಣ್ಣವನ್ನು ಒಂದಕ್ಕಿಂತ ಹೆಚ್ಚು ಜೀನ್‌ಗಳು ಹಿಡಿದಿರುತ್ತವೆ. ಜೊತೆಗೆ ಗಿಡ ತನ್ನೊಡನೆ ತಾನು ಬೀಜ ಕಟ್ಟದ ಕಾರಣ ಬಿಳಿಯನ್ನು ಶುದ್ಧವಾಗಿ ಮುಂದುವರಿಸಲು ಇನ್ನೊಂದು ಬಿಳಿ ಗಿಡವೇ ಬೇಕು. ನಿಮ್ಮಲ್ಲಿ ಸದ್ಯಕ್ಕೆ ಒಂದೇ ಇದೆ. ಒಂದು ಪೀಳಿಗೆ ಹೂ ಬಿಡಲು 3-4 ವರ್ಷ. ಎರಡು ಪೀಳಿಗೆ ನೋಡಲು ಎಷ್ಟು ತಾಳ್ಮೆ ಬೇಕು ಅಂತ ನೀವೇ ಲೆಕ್ಕ ಹಾಕಿ.

ಆ ಹೂವು ನಿಮಗೆ ಅಷ್ಟು ಇಷ್ಟವಾಗಿದ್ದರೆ ಬೀಜದ ದಾರಿ ಬಿಟ್ಟು ಅದೇ ಗಿಡವನ್ನು ಹೆಚ್ಚಿಸಿ. ಮರಿ ಬಂದರೆ ಸರಿ, ಬಿಡಿಸಿ ನೆಟ್ಟರಾಯಿತು. ಬಾಲ್ಡಿಯಾನಂ ಹೆಚ್ಚಾಗಿ ಒಂಟಿಯಾಗಿಯೇ ಬೆಳೆಯುತ್ತದೆ, ಅದರ ರಕ್ತ ಇರುವ ಮಿಶ್ರತಳಿಯೂ ಹಾಗೇ ಮಾಡಬಹುದು. ಆಗ ಬೇಸಿಗೆಯ ಆರಂಭದಲ್ಲಿ, ಚೂಪಾದ ಶುಚಿಯಾದ ಬ್ಲೇಡಿನಿಂದ ಮೇಲಿನ ಭಾಗ ಕತ್ತರಿಸಿ ಡ್ರಾಗನ್ ಫ್ರೂಟ್ ಕಾಂಡದ ಮೇಲೆ ಕಸಿ ಕಟ್ಟಬಹುದು. ಕೆಳಗೆ ಉಳಿದ ಬುಡದಲ್ಲಿ ಬೆಳೆಯುವ ತುದಿ ಇಲ್ಲವಾದ್ದರಿಂದ ಕಣ್ಣುಗಳಿಂದ ಮರಿ ಒಡೆಯುತ್ತದೆ. ಗಾಯ ಒಣಗುವ ತನಕ ನೀರು ತಾಗಬಾರದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಕೊಳೆತುಹೋಗುತ್ತದೆ. ಕಸಿ ಕಟ್ಟಿದ ಗಿಡ ದಪ್ಪವಾಗಿ ಊದುತ್ತದೆ, ಹೂವೂ ಜಾಸ್ತಿ ಬಿಡುತ್ತದೆ, ಆದರೆ ಬಿಳಿ ಹೂವು ಬಿಳಿಯೇ ಇರುತ್ತದೆ. ಕೆಳಗಿನ ಕಾಂಡ ಹೂವಿನ ಬಣ್ಣ ಬದಲಾಯಿಸುತ್ತದೆ ಎಂಬ ಮಾತು ಆಗಾಗ ಕೇಳುತ್ತೇವೆ, ಅದು ಸರಿಯಲ್ಲ. ಇರುವುದು ಒಂದೇ ಗಿಡವಾದರೆ ನಾನಂತೂ ಇನ್ನೆರಡು ಋತು ಅದನ್ನು ಸುಮ್ನೆ ಬಿಟ್ಟು, ಹೂವು ಮತ್ತೆ ಬಿಳಿಯೇ ಬರುತ್ತದೆ ಅಂತ ಖಾತ್ರಿಯಾದ ಮೇಲೆ ಬ್ಲೇಡ್ ಹಿಡಿಯುತ್ತೇನೆ.

ಹೆಸರು ಇಡುವ ವಿಷಯ. ಲ್ಯಾಟಿನ್ ಹೆಸರು ನೀವು ಇಡುವಂತಿಲ್ಲ. ಅದಕ್ಕೆ ವಿವರಣೆ ಪ್ರಕಟವಾಗಬೇಕು, ಮಾದರಿ ಗಿಡ ಒಣಸಸ್ಯ ಸಂಗ್ರಹಾಲಯದಲ್ಲಿರಬೇಕು. ತೋಟದಲ್ಲಿ ಹುಟ್ಟಿ, ಅಪ್ಪ ಯಾರೆಂದು ತಿಳಿಯದ ಸಸಿಗೆ ಅದು ಒಪ್ಪುವುದೂ ಇಲ್ಲ. ತೋಟದ ತಳಿಗೆ ಇಡುವ ಹೆಸರು ಬೇರೆ ಬಗೆಯದು. ಅದನ್ನು ಯಾರಾದರೂ ಇಡಬಹುದು, ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯುತ್ತಾರೆ. 1959ರ ಜನವರಿ 1ರಿಂದ ಈಚೆಗೆ ಅಂಥ ಹೊಸ ಹೆಸರು ಲ್ಯಾಟಿನ್‌ನಲ್ಲಿ ಇರಕೂಡದು ಎಂಬ ನಿಯಮವಿದೆ, ಹಾಗಾಗಿ ಕನ್ನಡದ ಹೆಸರು ಧಾರಾಳವಾಗಿ ನಡೆಯುತ್ತದೆ. ಆದರೆ ಆ ಗಿಡದಿಂದ ಮರಿ ಅಥವಾ ಕಸಿಯ ಮೂಲಕ ಹತ್ತಾರು ಗಿಡ ಮಾಡಿ, ಎಲ್ಲವೂ ಒಂದೇ ಥರ ಹೂ ಬಿಟ್ಟ ಮೇಲೆ ಹೆಸರಿಡುವುದು ಚೆಂದ. ಅಲ್ಲಿಯವರೆಗೆ ಚೀಟಿಯ ಮೇಲೆ ಪೊಟ್ಟಣದ ಹೆಸರನ್ನು ಹಾಗೇ ಉಳಿಸಿ, ಮುಂದೆ ‘ಮಿಶ್ರತಳಿ ಇರಬಹುದು, ಬಿಳಿ ಹೂ’ ಎಂದು ಸೇರಿಸಿ, ಬಿತ್ತಿದ ವರ್ಷವನ್ನೂ ಬರೆಯಿರಿ. ಈ ಗಿಡವನ್ನು ಅಥವಾ ಇದರ ಬೀಜವನ್ನು ಬರೀ ‘ಬಾಲ್ಡಿಯಾನಂ’ ಅಂತ ಬರೆದು ಯಾರಿಗೂ ಕೊಡಬೇಡಿ. ಹೀಗೆ ಕೈ ಬದಲಾದ ಚೀಟಿಗಳಿಂದಲೇ ನಮ್ಮ ಸಂಗ್ರಹಗಳಲ್ಲಿ ಇಷ್ಟೊಂದು ಗೊಂದಲ ತುಂಬಿರುವುದು.

ಗುಲಾಬಿ ಗಿಡಗಳನ್ನು ಮಾತ್ರ ದಯವಿಟ್ಟು ಕೀಳು ಅಂತ ತಳ್ಳಬೇಡಿ. ಬರೀ ಕಡುಗೆಂಪನ್ನೇ ಆರಿಸುತ್ತಾ ಹೋದರೆ ಕೆಲವೇ ಪೀಳಿಗೆಯಲ್ಲಿ ನಿಮ್ಮ ಬಳಿ ಕಡುಗೆಂಪು ಮಾತ್ರ ಉಳಿಯುತ್ತದೆ, ಆ ಗುಡ್ಡದ ಮೇಲಿನ ಉಳಿದ ಛಾಯೆಗಳೆಲ್ಲ ಹೋಗಿರುತ್ತವೆ. ಬೀಜ ಮಾಡುವಾಗ ಕೆಂಪನ್ನೂ ಗುಲಾಬಿಯನ್ನೂ ಒಂದಕ್ಕೊಂದು ಸೇರಿಸಿ, ಬಿಳಿಯನ್ನು ಮಾತ್ರ ದೂರ ಇಡಿ. ಇನ್ನೂ ಹೂ ಬಿಡದ 9 ಸಸಿಗಳಿಗೆ ನವೆಂಬರ್‌ನಿಂದ ಜನವರಿ ಕೊನೆಯವರೆಗೆ ನೀರು ತೀರಾ ಕಮ್ಮಿ ಮಾಡಿ, ಬೆಳಗಿನ ಬಿಸಿಲು ಸಿಗುವ ತಂಪು ಜಾಗದಲ್ಲಿಡಿ. ಫೆಬ್ರವರಿಯಲ್ಲಿ ನೆತ್ತಿಯ ಹತ್ತಿರ ಮೊಗ್ಗು ಕಾಣಲು ಶುರುವಾದಾಗ ನೀರು ಹೆಚ್ಚಿಸಿದರೆ ಸಾಕು.

ಬಿಳಿ ಗಿಡದ ಹೂವಿನ ಕೊಳವೆ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೊ, ಮುಳ್ಳಿನ ಕಣ್ಣಿನದು ಹತ್ತಿರದಿಂದ ಒಂದು, ಕಾಯಿ ಬಲಿತರೆ ಬೀಜವನ್ನು ಸ್ಕೇಲ್ ಪಕ್ಕ ಇಟ್ಟು ಇನ್ನೊಂದು, ಈ ಮೂರನ್ನು ಕಳಿಸಿ. ಇನ್ನೊಂದು ಕಡೆಯ ನೆಂಟಸ್ತಿಕೆ ಯಾವ ಗುಂಪಿನದು ಅಂತ ಆಗ ಹೆಚ್ಚು ಖಚಿತವಾಗಿ ಹೇಳಬಲ್ಲೆ.